ಬೆನ್ನಿಗೆ ಬಿದ್ದ ಬಿಲ್ಲು

ನಮ್ಮ ಯಜಮಾನರದು ಟ್ರ್ಯಾಕ್ಟರಿಗೆ ಸೀಟು ಡಿಸೈನ್ ಮಾಡುವ ಕೆಲಸ. ರೈತನ ಬೆನ್ನು ನೋಯಬಾರದೆಂದು ವರ್ಷಗಟ್ಟಲೆ ಕಂಪ್ಯೂಟರ್ ಮುಂದೆ ಕೂತು ತಮ್ಮ ಬೆನ್ನು ಕೆಡಿಸಿಕೊಂಡರು. ಮಾತ್ರೆ, ಬೆಲ್ಟು, ಬಿಸಿನೀರಿನ ಚೀಲ ಎಲ್ಲ ಮುಗಿದ ಮೇಲೆ, ಊರಿನಿಂದ ಬಂದಿದ್ದ ನಮ್ಮತ್ತೆ ತೀರ್ಪು ಕೊಟ್ಟರು: "ಇದು ಉಳುಕು. ಕಾಲು ಮುಂದಾಗಿ ಹುಟ್ಟಿದವರು ಯಾರಾದ್ರೂ ಒಂದ್ಸಲ ಒದ್ದರೆ ಬಿಟ್ಟುಹೋಗುತ್ತೆ." ಅಂಥವರನ್ನು ಇಲಿನಾಯ್ಸ್‌ನಲ್ಲಿ ಎಲ್ಲಿಂದ ತರೋಣ? ಇಲ್ಲಿ ಕಾಲು ಮುಂದಾದ ಮಕ್ಕಳನ್ನು ಬಹುಮಟ್ಟಿಗೆ ಸಿಸೇರಿಯನ್ ಮಾಡಿಯೇ ತೆಗೆಯುತ್ತಾರೆ. ಅಂಥವರ ಒದೆತಕ್ಕೆ ಗುಣ ಇರುತ್ತದೋ ಇಲ್ಲವೋ, ಅತ್ತೆಗೂ ಖಾತ್ರಿಯಿರಲಿಲ್ಲ.

ಆದರೆ ನಮ್ಮ ಮೊಲೀನ್‌ನಿಂದ ಮಿಸಿಸಿಪ್ಪಿ ಹೊಳೆ ದಾಟಿದರೆ ಡ್ಯಾವನ್‌ಪೋರ್ಟ್, ಬೆನ್ನುಮೂಳೆ ಒತ್ತುವ ಕೈರೋಪ್ರಾಕ್ಟಿಕ್ ಚಿಕಿತ್ಸೆಯ ತವರು. ಒಂದು ಕಾಲಕ್ಕೆ ದಿನಸಿ ಅಂಗಡಿ ಇಟ್ಟು, ಆಮೇಲೆ ಅಂಗೈಯಿಂದ ಆಯಸ್ಕಾಂತ ಶಕ್ತಿ ಹರಿಸುತ್ತೇನೆಂದು ರೋಗಿಗಳನ್ನು ನೋಡುತ್ತಿದ್ದ ಡಿ.ಡಿ. ಪಾಮರ್ 1895ರಲ್ಲಿ ಇದನ್ನು ಶುರುಮಾಡಿದ್ದು ಅಲ್ಲೇ. ತನ್ನ ಆಫೀಸಿದ್ದ ಕಟ್ಟಡ ಗುಡಿಸುತ್ತಿದ್ದ ಹಾರ್ವೆ ಲಿಲರ್ಡ್‌ನ ಬೆನ್ನುಮೂಳೆ ಒತ್ತಿ ಕಿವುಡು ಬಿಡಿಸಿದೆ ಎಂದ. ಬೆನ್ನು ಒತ್ತಿದರೆ ಗಂಡಸರಿಗೆ ಕಿವಿ ಕೇಳಿಸುತ್ತದೆ ಅನ್ನುವುದಾದರೆ ಎಷ್ಟು ದುಡ್ಡಾದರೂ ಕೊಡಬಹುದು ಅನ್ನಿಸಿತು ನನಗೆ. ಲೈಸೆನ್ಸಿಲ್ಲದೆ ವೈದ್ಯ ಮಾಡಿದ್ದಕ್ಕೆ 1906ರಲ್ಲಿ ಪಾಮರ್ ಜೈಲಿಗೂ ಹೋಗಿಬಂದ. ಈಗ ಆ ವಿದ್ಯೆಗೆ ಕಾಲೇಜೂ ಉಂಟು, ಲೈಸೆನ್ಸೂ ಉಂಟು.

ಅಲ್ಲಿನ ಒಂದು ಕ್ಲಿನಿಕ್ಕಿನಲ್ಲಿ ಯಜಮಾನರನ್ನು ಬೋರಲು ಮಲಗಿಸಿ, ಬೆನ್ನಿನ ಮೇಲೆ ಅಂಗೈ ಊರಿ ಒಂದೇ ಏಟಿಗೆ ಒತ್ತಿದರು. ಲಟಕ್! ಮೂಲೆಯಲ್ಲಿದ್ದ ಅತ್ತೆ "ರಾಮ ರಾಮಾ" ಎಂದು ಎದ್ದೇಬಿಟ್ಟರು. ಮಗ ನಗುನಗುತ್ತ ಎದ್ದು ಕೂತ. ಬಿಲ್ಲು ನೋಡಿದ ಮೇಲೆ ಅತ್ತೆಗೆ ಭಯ ಹೋಗಿ ಸಿಟ್ಟು ಬಂತು: "ನಮ್ಮೂರ ಕಟಿಂಗ್ ಶಾಪಲ್ಲಿ ತಲೆಗೆ ಎಣ್ಣೆ ತಟ್ಟಿ, ಕತ್ತು ತಿರುಗಿಸಿ, ಇದನ್ನೇ ಪುಕ್ಕಟೆ ಮಾಡ್ತಾರಲ್ಲೋ!"

ಆ ಸದ್ದು ಮೂಳೆ ಜಾಗಕ್ಕೆ ಕೂತ ಸದ್ದಲ್ಲ. ಬೆರಳಿನ ನೆಟಿಗೆ ಮುರಿದಾಗ ಆಗುವಂತೆ, ಕೀಲಿನೊಳಗಿನ ದ್ರವದಲ್ಲಿ ಏಳುವ ಗಾಳಿಗುಳ್ಳೆಯದು. ಹೇಳಿ ನೋಡಿದೆ. ಲಟಕ್ ಕೇಳಿಸಿಕೊಂಡವರು ವಿಜ್ಞಾನ ಕೇಳಿಸಿಕೊಳ್ಳುವುದಿಲ್ಲ. ಆರಾಮ ಸಿಕ್ಕಿದ್ದು ಸುಳ್ಳಲ್ಲ, ಉಳಿಯಲಿಲ್ಲ ಅಷ್ಟೆ. ಇಂತಿಷ್ಟೇ ಸಲ ಎಂದು ಇನ್ಶೂರೆನ್ಸಿನವರ ಲೆಕ್ಕ. ಬೆನ್ನಿಗೆ ಆ ಲೆಕ್ಕ ಗೊತ್ತಿಲ್ಲ.

ಹಳೆಯ ಸೊಂಟನೋವಿಗೆ ಮಾತ್ರೆಗಿಂತ ಮೊದಲು ಏನೇನು ಮಾಡಿನೋಡಬಹುದೆಂದು ಅಮೆರಿಕನ್ ಕಾಲೇಜ್ ಆಫ್ ಫಿಸಿಶಿಯನ್ಸ್ 2017ರಲ್ಲಿ ಪಟ್ಟಿ ಕೊಟ್ಟಿತು. ಅದರಲ್ಲಿ ಹೀಗೆ ಒತ್ತಿಸಿಕೊಳ್ಳುವುದೂ ಇದೆ, ವ್ಯಾಯಾಮ, ಯೋಗಗಳೂ ಇವೆ. ಮೊದಲನೆಯದಕ್ಕೆ ಮಲಗಿದ್ದರೆ ಸಾಕು, ಉಳಿದವಕ್ಕೆ ಏಳಬೇಕು. ನಮ್ಮ ಯಜಮಾನರ ಆಯ್ಕೆ ಯಾವುದೆಂದು ಮದುವೆಯಾದ ಹೆಂಗಸರಿಗೆ ನಾನು ಹೇಳಬೇಕಿಲ್ಲ.

ಬೆನ್ನು ಒತ್ತಿಸಿಕೊಳ್ಳುವುದು ನಿಮ್ಮಿಷ್ಟ. ಕತ್ತನ್ನು ಮಾತ್ರ ಡಾಕ್ಟರನ್ನು ಕೇಳದೆ ಯಾರ ಕೈಗೂ ಕೊಡಬೇಡಿ. ಅಪರೂಪಕ್ಕಾದರೂ ಅಲ್ಲಿನ ರಕ್ತನಾಳ ಹರಿದು ಪಾರ್ಶ್ವವಾಯು ಹೊಡೆದದ್ದಿದೆ. ಪುಕ್ಕಟೆ ತಿರುಗಿಸುವವರಿಗೂ ಈ ಮಾತು ಸೇರಿದೆ.