ಬಚ್ಚಲೊಲೆ ಪಂಡಿತರು ಓಸ್ಲೋದಲ್ಲಿ

ಸಾಗರದ ಕಡೆಯ ಮಳೆಗಾಲದಲ್ಲಿ ಹಸಿ ಕಟ್ಟಿಗೆ ಊದಿ ಹಂಡೆ ನೀರು ಕಾಯಿಸಿದವನಿಗೆ ಒಲೆ ಹಚ್ಚುವುದನ್ನು ಕಲಿಸಲು ಧೈರ್ಯ ಬೇಕು. ನಾರ್ವೆಯಲ್ಲಿರುವ ಮಗನಿಗೆ ಅದಿತ್ತು. "ಅಪ್ಪಯ್ಯ, ದಪ್ಪ ಸೀಳು ಅಡಿಗೆ, ಸಣ್ಣ ಚಕ್ಕೆ ಮೇಲೆ, ಬೆಂಕಿ ನೆತ್ತಿಗೆ. ಕೆಳಗಿನ ಕಟ್ಟಿಗೆಯಿಂದ ಏಳುವ ಹೊಗೆಯೂ ಮೇಲಿನ ಉರಿಯಲ್ಲಿ ಸುಟ್ಟು ಶಾಖ ಕೊಡ್ತದೆ. ಗಾಳಿ ಕಿಂಡಿ ಮುಚ್ಚಬೇಡಿ" ಎಂದವನೇ ಹೆಂಡತಿಯೊಂದಿಗೆ ಕೆಲಸಕ್ಕೆ ಹೊರಟ.

ನೆತ್ತಿಗೆ ಬೆಂಕಿಯಂತೆ! ನಾನು ಬುಡಕ್ಕೇ ಹಚ್ಚಿದೆ. ಒಣಗಿದ್ದು ಅವರಿಗಿರಲಿ ಎಂಬ ಔದಾರ್ಯದಲ್ಲಿ, ಹೊಸದಾಗಿ ಕಡಿದ ಬರ್ಚ್ ಮರದ ಸೀಳುಗಳನ್ನೇ ಎರಕದ ಒಲೆಯ ಬಾಯಿತನಕ ತುಂಬಿದೆ. ಬೇಗ ಉರಿದು ಹೋಗದಿರಲೆಂದು ಕಿಂಡಿ ಮುಚ್ಚಿದೆ. ಅತ್ತ ಕಾಫಿಗಿಟ್ಟ ನನ್ನ ಹೆಂಡತಿ ಅಡುಗೆಮನೆಯ ಫ್ಯಾನು ಹಾಕಿದಳು.

ಉರಿಸುವ ಕಟ್ಟಿಗೆಯಲ್ಲಿ ನೀರಿನಂಶ ಶೇ. 20ಕ್ಕಿಂತ ಕಡಿಮೆಯಿರಬೇಕು. ಹಸಿ ಬರ್ಚ್‌ನ ತೂಕದಲ್ಲಿ ಹತ್ತಿರ ಹತ್ತಿರ ಅರ್ಧ ನೀರೇ. ಅಂದರೆ ನಾನು ಕೋಣೆ ಬೆಚ್ಚಗೆ ಮಾಡುತ್ತಿರಲಿಲ್ಲ, ನೀರು ಕಾಯಿಸುತ್ತಿದ್ದೆ. ಅದೇ ಹಳೆಯ ಉದ್ಯೋಗ, ಹಂಡೆಯೊಂದಿರಲಿಲ್ಲ.

ಗಾಳಿ ಸಿಗದ ಹೊಗೆ ಒಲೆಯ ಗಾಜಿನ ಬಾಗಿಲಿಗೆ ಡಾಂಬರು ಬಳಿಯಿತು. ನಮ್ಮೂರ ಬಚ್ಚಲಾದರೆ ಹೊಗೆ ಹೆಂಚಿನ ಸಂದಿ ಹುಡುಕಿಕೊಂಡು ಹೋಗುತ್ತದೆ. ಈ ಮನೆಗೆ ಸಂದಿಯೇ ಇಲ್ಲ. ಫ್ಯಾನು ಒಳಗಿನ ಗಾಳಿಯನ್ನು ಹೊರಗೆ ಎಳೆದಷ್ಟೂ ಹೊಗೆ ಚಿಮಣಿ ಬಿಟ್ಟು ನಮ್ಮತ್ತಲೇ ಬಂತು. ಬಾಗಿಲು ತೆರೆದು ಊದಿದೆ. ಅಲಾರಂ ಅರಚಿತು. ಕಿಟಕಿಗಳನ್ನೆಲ್ಲ ತೆರೆದೆವು. ಒಳಗೂ ಹೊರಗೂ ಒಂದೇ ಚಳಿ.

"ಊರಲ್ಲೂ ಒಲೆ ಹಚ್ಚುತ್ತಿದ್ದದ್ದು ನಾನು. ನೀವು ಎದ್ದು ಬಂದು ಊದಿದ್ದಷ್ಟೇ" ಎಂದಳು ಹೆಂಡತಿ, ಕೆಮ್ಮಿನ ನಡುವೆ.

ಆ ಡಾಂಬರು ಚಿಮಣಿಯೊಳಗೆ ಕಟ್ಟಿಕೊಂಡರೆ ಅಲ್ಲಿಗೇ ಬೆಂಕಿ ಹಿಡಿಯುತ್ತದೆಂದು ಸಂಜೆ ಮಗ ಪಾಠ ಮಾಡಿದ. ಸೊಸೆ ಮಾತು ತಿರುಗಿಸಿದಳು: 2013ರಲ್ಲಿ ಇಲ್ಲಿನ ಎನ್‌ಆರ್‌ಕೆ ಟಿವಿ ಕಟ್ಟಿಗೆಯ ಬಗ್ಗೆಯೇ 12 ಗಂಟೆಗಳ ಕಾರ್ಯಕ್ರಮ ಮಾಡಿತ್ತಂತೆ. ಅದರಲ್ಲಿ 8 ಗಂಟೆ ಬರೀ ಉರಿಯುವ ಬೆಂಕಿ. ಪೇರಿಸುವಾಗ ತೊಗಟೆ ಮೇಲಿರಬೇಕೋ ಕೆಳಗೋ ಎಂದು ನೋಡಿದವರಲ್ಲಿ ಎರಡು ಪಕ್ಷವಾಗಿ ಜಗಳವೂ ಆಗಿತ್ತಂತೆ.

ಈಗ ಒಲೆಯ ಖಾತೆ ಹೆಂಡತಿಯದು. ನೆತ್ತಿಗೇ ಹಚ್ಚುತ್ತಾಳೆ, ಗಾಜು ಫಳಫಳ. ನನಗೆ ಕೊಟ್ಟದ್ದು ಕಟ್ಟಿಗೆ ಪೇರಿಸುವ ಕೆಲಸ. ತೊಗಟೆಯ ವಿಷಯದಲ್ಲಿ ನನಗೆ ದೃಢವಾದ ಅಭಿಪ್ರಾಯವಿದೆ. ಇದುವರೆಗೆ ಯಾರೂ ಕೇಳಿಲ್ಲ.