ತಂತ್ರೀಭಂಗ ಮೀಮಾಂಸೆ: ಮನೆಯಲ್ಲೇ ಮಾಡಿದ ತುಂತುಣಿಯ ಶ್ರುತಿ ಏರಿಸುವ ಬಗೆ

ಪೀಠಿಕೆ

ತಂತಿ ಎಂದರೆ ಎರಡು ತುದಿಗಳುಳ್ಳ ಲೋಹದ ಎಳೆ. ನಾಲ್ಕು ತುದಿ ಕಂಡರೆ ಅದು ಕಡಿದಿದೆ ಎಂದು ತಿಳಿಯತಕ್ಕದ್ದು. ಲಕ್ಷಣವನ್ನು ಮೊದಲೇ ಹೇಳಿಬಿಡುವುದು ಶಾಸ್ತ್ರಪದ್ಧತಿ. ಇಲ್ಲವಾದರೆ ಮುಂದಿನ ಪುಟಗಳಲ್ಲಿ ವಿದ್ವಾಂಸರು ಇದರ ಮೇಲೆಯೇ ಜಗಳ ತೆಗೆಯುತ್ತಾರೆ.

ಈ ಪ್ರಬಂಧಕ್ಕೆ ಗಿಟಾರನ್ನೇ ಆರಿಸಿಕೊಳ್ಳಬಹುದಿತ್ತು. ಆದರೆ ಗಿಟಾರಿಗೆ ಆರು ತಂತಿ. ಒಂದು ಕಡಿದರೆ ಐದು ಉಳಿಯುತ್ತವೆ, ಹಾಡು ಹೇಗೋ ದಡ ಸೇರುತ್ತದೆ. ಗೀಗೀ ಮೇಳದ ತುಂತುಣಿಗೆ ಇರುವುದು ಒಂದೇ ತಂತಿ. ಅದು ಕಡಿದರೆ ನಷ್ಟ ನೂರಕ್ಕೆ ನೂರು. ಸಂಶೋಧಕನಿಗೆ ಇಷ್ಟು ದುಂಡನೆಯ ಅಂಕಿ ಗಿಟಾರಿನಲ್ಲಿ ಸಿಗದು.

ಕ್ಷೇತ್ರವ್ಯಾಪ್ತಿ

ಅಧ್ಯಯನದ ವ್ಯಾಪ್ತಿ ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಂಬ ಹಳೆಯ ನಾಲ್ಕು ತಾಲ್ಲೂಕುಗಳು. ವಿಜಯಪುರ ತಾಲ್ಲೂಕನ್ನು ಕೈಬಿಡಲು ಎರಡು ಕಾರಣಗಳಿವೆ. ಒಂದು, 1580ರಿಂದ 1627ರವರೆಗೆ ಅಲ್ಲಿ ಆಳಿದ ಎರಡನೇ ಇಬ್ರಾಹಿಂ ಆದಿಲ್‌ಶಾಹ ತನ್ನ ತಂಬೂರಿಗೆ ಮೋತಿಖಾನ್ ಎಂದು ಹೆಸರಿಟ್ಟು, ತನ್ನ ‘ಕಿತಾಬ್-ಎ-ನೌರಸ್’ನಲ್ಲಿ ಅದನ್ನು ಹೊಗಳಿ ಹಾಡಿದ್ದಾನೆ. ಖಾನ್ ಪದವಿ ಪಡೆದ ವಾದ್ಯವನ್ನು ಮನೆಯಲ್ಲಿ ಡಬ್ಬಿ ಕೊರೆದು ಮಾಡಿದ್ದರ ಸಾಲಿಗೆ ಸೇರಿಸುವುದು ಮರ್ಯಾದೆಯಲ್ಲ. ಎರಡು, ಗೋಳಗುಮ್ಮಟ. ಅದರ ಪಿಸುಮಾತಿನ ಮೊಗಸಾಲೆಯಲ್ಲಿ ಒಂದು ತಂತಿ ಕಡಿದರೆ ಏಳು ಸಲ ಕೇಳಿಸುತ್ತದೆ. ಅಂಥಲ್ಲಿ ಸಂಗ್ರಹಿಸಿದ ಅಂಕಿಅಂಶವನ್ನು ಯಾವ ವಿಶ್ವವಿದ್ಯಾಲಯ ಒಪ್ಪೀತು?

ಪೂರ್ವಸೂರಿಗಳು

ಇಂಡಿ ತಾಲ್ಲೂಕಿನಲ್ಲಿದ್ದು ಈಗ ಚಡಚಣ ತಾಲ್ಲೂಕಿಗೆ ಸೇರಿರುವ ಹಲಸಂಗಿಯ ಗೆಳೆಯರು, ಅಂದರೆ ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ಕಾಪಸೆ ರೇವಪ್ಪ ಮೊದಲಾದವರು, 1931ರಲ್ಲಿ ‘ಗರತಿಯ ಹಾಡು’ ತಂದರು. ಬೀಸುವ ಕಲ್ಲಿನ ಹಾಡುಗಳೂ ಲಾವಣಿಗಳೂ ಅವರಿಂದ ಉಳಿದವು. ಆದರೆ ಆ ಹಾಡುಗಳ ಹಿಂದೆ ಕಡಿದು ಬಿದ್ದ ತಂತಿಗಳನ್ನು ಅವರು ಆಯ್ದಿಡಲಿಲ್ಲ. ಸಂಶೋಧನೆಯ ಭಾಷೆಯಲ್ಲಿ ಇದಕ್ಕೆ ‘ಕೊರತೆ’ ಎನ್ನುತ್ತಾರೆ. ಅದನ್ನು ತುಂಬಲು ಈ ಲೇಖಕ ಹುಟ್ಟಿದ್ದಾನೆ.

ಇನ್ನೂ ಹಿಂದಿನ ಆಧಾರ ಬಾಗೇವಾಡಿಯಲ್ಲೇ ಹುಟ್ಟಿದ ಬಸವಣ್ಣ. ತನ್ನ ಮೈಯನ್ನೇ ವಾದ್ಯವಾಗಿಸಿ ನುಡಿಸೆಂದು ಕೂಡಲಸಂಗಮದೇವನನ್ನು ಬೇಡುವ ವಚನ ಎಲ್ಲರಿಗೂ ಗೊತ್ತು. ದಂಡಿಗೆ, ಬುರುಡೆ, ತಂತಿ ಎಲ್ಲವೂ ಸ್ವಂತದ್ದು, ಅಂಗಡಿಯಿಂದ ತಂದ ಸಾಮಾನು ಒಂದೂ ಇಲ್ಲ. ಮನೆಯಲ್ಲೇ ಮಾಡಿದ ವಾದ್ಯಕ್ಕೆ ಇದಕ್ಕಿಂತ ಮಿಗಿಲಾದ ಉದಾಹರಣೆ ಉಂಟೆ? ಮೂವತ್ತೆರಡು ರಾಗಗಳ ಬೇಡಿಕೆಯೂ ಅಲ್ಲಿದೆ. ತಂತಿ ಕಡಿದ ವರದಿ ಮಾತ್ರ ಇಲ್ಲ. ಕಾರಣವನ್ನು ಸಿದ್ಧಾಂತ ಭಾಗದಲ್ಲಿ ಕಾಣಬಹುದು.

ವಸ್ತುವಿವರಣೆ

ಮೂಲದಲ್ಲಿ ತುಂತುಣಿಯದು ಟೊಳ್ಳು ಮರದ ಕೊಳವೆ. ಮನೆಯಲ್ಲಿ ಮಾಡುವವನಿಗೆ ತಗಡಿನ ಡಬ್ಬಿಯೂ ನಡೆಯುತ್ತದೆ. ತಳಕ್ಕೆ ಆಡಿನ ತೊಗಲು ಬಿಗಿಯಬೇಕು. ಪಕ್ಕಕ್ಕೆ ಬಿದಿರಿನ ಕೋಲು, ಕೋಲಿನ ತಲೆಗೆ ಬಿರಡೆ. ತೊಗಲಿನ ನಡುವೆ ತೂತು ಮಾಡಿ ತಂತಿ ಪೋಣಿಸಿ, ಕೆಳಗಡೆ ಅಂಗಿಯ ಗುಂಡಿಯನ್ನೋ ತೂತು ಕೊರೆದ ಹಳೆಯ ನಾಣ್ಯವನ್ನೋ ತಡೆ ಕೊಟ್ಟು, ಮೇಲಿನ ತುದಿಯನ್ನು ಬಿರಡೆಗೆ ಸುತ್ತಿದರೆ ವಾದ್ಯ ಸಿದ್ಧ. ಆ ಗುಂಡಿ ಇಲ್ಲವಾದರೆ ತಂತಿಗಿಂತ ಮೊದಲು ತೊಗಲೇ ಹರಿಯುತ್ತದೆ. ಅದು ಚರ್ಮಭಂಗ, ಈ ಗ್ರಂಥದ ವ್ಯಾಪ್ತಿಗೆ ಹೊರಗು.

ಪೂರ್ವಪಕ್ಷ

ಗೀಗೀ ಮೇಳದ ಎರಡು ಪಂಗಡಗಳಲ್ಲಿ ಹರದೇಶಿಯವರು ಗಂಡು ಹೆಚ್ಚೆಂದು ಹಾಡುತ್ತಾರೆ, ನಾಗೇಶಿಯವರು ಹೆಣ್ಣು ಹೆಚ್ಚೆಂದು. ತಂತಿ ಕಡಿದದ್ದು ಯಾರ ತಪ್ಪು ಎಂದು ಇವರ ಮುಂದಿಟ್ಟರೆ ಬೆಳತನಕ ವಾದ ನಡೆಯುವುದು ಖಂಡಿತ. ತಂತಿ ನಾಜೂಕಾದದ್ದು, ತಾಳಿಕೆ ಇಲ್ಲ, ತಪ್ಪು ತಂತಿಯದೇ ಎಂದು ಹರದೇಶಿ. ತಂತಿ ತನ್ನಷ್ಟಕ್ಕೆ ತಾನಿತ್ತು, ಬಿರಡೆ ತಿರುವಿದವನು ಗಂಡಸು ಎಂದು ನಾಗೇಶಿ. ಪಕ್ಷಪಾತವಿಲ್ಲದ ಈ ಲೇಖಕನಿಗೆ ಎರಡನೆಯದೇ ಸರಿ ಕಾಣುತ್ತದೆ.

ಭಂಗಭೇದಗಳು

ತುಕ್ಕುಭಂಗ: ಇದು ಇಂಡಿ ಪ್ರಭೇದ. ಇಂಡಿ ಲಿಂಬೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಇದೆ, ಚುರುಮರಿಗೆ ಅದನ್ನು ಹಿಂಡುವುದು ಲೋಕಾರೂಢಿ. ಹಿಂಡಿದ ಕೈಯಲ್ಲೇ ತಂತಿ ಹಿಡಿದರೆ ಹುಳಿ ಉಕ್ಕನ್ನು ತಿನ್ನುತ್ತದೆ. ತುಕ್ಕಿನ ಒಂದೊಂದು ಗುಳಿಯೂ ಮುಂದೆ ಕಡಿಯುವ ಜಾಗ. ಕೈ ತೊಳೆಯಿರಿ, ನುಡಿಸಿದ ಮೇಲೆ ತಂತಿಯನ್ನು ಒಣ ಬಟ್ಟೆಯಿಂದ ಒರೆಸಿರಿ.

ಬಿಸಿಲುಭಂಗ: ಇದು ಸಿಂದಗಿ ಪ್ರಭೇದ. ಇಬ್ಬನಿಯ ಹೊತ್ತಿನಲ್ಲಿ ತೊಗಲು ನೆನೆದು ಸಡಿಲಾಗುತ್ತದೆ. ಶ್ರುತಿ ಇಳಿಯಿತೆಂದು ಬಿರಡೆ ತಿರುವುತ್ತಾರೆ. ಹೊತ್ತು ಏರಿದಂತೆ ತೊಗಲು ಒಣಗಿ ಬಿಗಿದು, ತಂತಿಯನ್ನು ತಾನೇ ಎಳೆಯುತ್ತದೆ. ಯಾರೂ ಮುಟ್ಟದ ತಂತಿ ಮೂಲೆಯಲ್ಲಿ ಟಣ್ ಎನ್ನುತ್ತದೆ, ಮನೆಯವರು ದೃಷ್ಟಿ ತೆಗೆಯುತ್ತಾರೆ. ದಪ್ಪು ವಾದ್ಯವನ್ನು ಕಾಯಿಸುವ ಬೆಂಕಿಯ ಮಗ್ಗುಲಲ್ಲಿ ತುಂತುಣಿ ಇಟ್ಟರೂ ಇದೇ ಗತಿ. ಮೇಳ ಮುಗಿದ ಕೂಡಲೇ ಬಿರಡೆಯನ್ನು ಎರಡು ಸುತ್ತು ಇಳಿಸುವುದೇ ಪರಿಹಾರ.

ಗಂಟುಭಂಗ: ಇದು ಮುದ್ದೇಬಿಹಾಳ ಪ್ರಭೇದ. 1565ರ ಯುದ್ಧಕ್ಕೆ ಇಲ್ಲಿನ ತಾಳಿಕೋಟೆಯ ಹೆಸರಿದೆ, ನಡೆದದ್ದು ರಕ್ಕಸಗಿ-ತಂಗಡಗಿಯ ಬಳಿ ಎಂಬ ವಾದವೂ ಇದೆ. ತಂತಿಯದೂ ಹೀಗೆಯೇ. ಹೆಸರು ಬಿರಡೆಗೆ ಬರುತ್ತದೆ, ಅನಾಹುತ ಬೇರೆಡೆ ಆಗಿರುತ್ತದೆ. ಸುರುಳಿ ಬಿಚ್ಚುವಾಗ ಬಿದ್ದ ಮಡಿಕೆ, ಬಿಗಿಯಾಗಿ ಹಾಕಿದ ಗಂಟು, ತೂತಿನ ಚೂಪು ಅಂಚು, ಇವು ಮೂರೂ ಉಕ್ಕನ್ನು ಒಳಗೇ ಮುರಿದಿಟ್ಟಿರುತ್ತವೆ. ಗಂಟಿನ ಬದಲು ಕುಣಿಕೆ ಮಾಡಿ ತುದಿಯನ್ನು ಹೊಸೆಯಿರಿ. ಅಂಚುಗಳನ್ನು ಉಸುಕುಕಾಗದದಿಂದ ತಿಕ್ಕಿರಿ. ಬಿರಡೆಗೆ ಮೂರ್ನಾಲ್ಕು ಸುತ್ತಾದರೂ ಬರುವಷ್ಟು ತಂತಿ ಬಿಡಿರಿ.

ಗರ್ವಭಂಗ: ಇದಕ್ಕೆ ತಾಲ್ಲೂಕಿನ ಗಡಿ ಇಲ್ಲ. ಎದುರು ಮೇಳದವರು ಪೇಟಿಯ ಕರಿ ಎರಡಕ್ಕೆ ಹಾಡಿ ಕುಳಿತಿದ್ದಾರೆ ಎನ್ನಿ. ನಮ್ಮವರು ಅದಕ್ಕಿಂತ ಒಂದು ಮನೆಯಾದರೂ ಮೇಲೆ ಹಾಡಬೇಕು.

“ಇನ್ನಾ ಜರಾ ಏರಸೋ ತಮ್ಮಾ.”

“ಕಡೀತದ ಯಣ್ಣಾ, ಸಾಕು.”

“ಏನೂ ಆಗಂಗಿಲ್ಲ, ತಿರುವು.”

ಮುಂದಿನ ಸ್ವರವನ್ನು ಯಾವ ಸಪ್ತಕದಲ್ಲೂ ಗುರುತಿಸಲಾಗಿಲ್ಲ.

ಸಿದ್ಧಾಂತ

ಇಬ್ರಾಹಿಂ ಆದಿಲ್‌ಶಾಹ ಇಲ್ಲಿ ಮೋತಿಖಾನನ ಕಿವಿ ಹಿಂಡುತ್ತಿದ್ದ ಕಾಲಕ್ಕೆ, ಇಟಲಿಯಲ್ಲಿ ಗೆಲಿಲಿಯೋನ ತಂದೆ, ಲ್ಯೂಟ್ ವಾದಕ ವಿಂಚೆಂಜೊ ಗೆಲಿಲಿ, ತಂತಿಗಳಿಗೆ ತೂಕ ಕಟ್ಟಿ ನೋಡುತ್ತಿದ್ದ. ಶ್ರುತಿ ಒಂದು ಸಪ್ತಕ ಏರಬೇಕಾದರೆ ತೂಕ ಎರಡು ಪಟ್ಟಲ್ಲ, ನಾಲ್ಕು ಪಟ್ಟು ಬೇಕೆಂದು ಕಂಡುಕೊಂಡ. 1636ರಲ್ಲಿ ಫ್ರಾನ್ಸಿನ ಪಾದ್ರಿ ಮರ್ಸೆನ್ ಉದ್ದ, ಬಿಗಿ, ಭಾರಗಳ ಲೆಕ್ಕವನ್ನು ಪುಸ್ತಕದಲ್ಲಿ ಬರೆದಿಟ್ಟ. “ಇನ್ನಾ ಜರಾ” ಎನ್ನುವವರಿಗೆ ಗೊತ್ತಿರದ ಲೆಕ್ಕ ಇದೇ. ಶ್ರುತಿ ಜರಾ ಏರಿದರೆ ಬಿಗಿ ಅದಕ್ಕಿಂತ ಬಲು ಬೇಗ ಏರುತ್ತದೆ.

ಆಗ ಸಭೆಯಲ್ಲಿ ಒಬ್ಬರು ಎದ್ದು, ದಪ್ಪ ತಂತಿ ಹಾಕಿದರಾಯಿತಲ್ಲ ಎನ್ನುತ್ತಾರೆ. ಆಗದು. ದಪ್ಪ ತಂತಿಗೆ ಬಲ ಹೆಚ್ಚು, ನಿಜ. ಭಾರವೂ ಅಷ್ಟೇ ಹೆಚ್ಚು, ಅದೇ ಶ್ರುತಿಗೆ ಅಷ್ಟೇ ಹೆಚ್ಚಿನ ಬಿಗಿ ಬೇಕು. ಬಲ ಇಮ್ಮಡಿ, ಬೇಕಾದ ಬಿಗಿಯೂ ಇಮ್ಮಡಿ, ಲಾಭ ಸೊನ್ನೆ. ಮೇಲಾಗಿ ತೊಗಲಿಗೆ ಇಲ್ಲದ ಕಾಟ. ಒಂದೇ ಉದ್ದದ, ಒಂದೇ ಜಾತಿಯ ಉಕ್ಕಿನ ತಂತಿಗಳು, ತೆಳುವಿರಲಿ ದಪ್ಪವಿರಲಿ, ಹೆಚ್ಚುಕಡಿಮೆ ಒಂದೇ ಶ್ರುತಿಯಲ್ಲಿ ಪ್ರಾಣ ಬಿಡುತ್ತವೆ.

ಉಕ್ಕಿನ ಜಾತಿ ಮಾತ್ರ ಲೆಕ್ಕಕ್ಕೆ ಬರುತ್ತದೆ. ಕಟ್ಟಡದ ಸರಳು ಕಟ್ಟುವ ಬೈಂಡಿಂಗ್ ತಂತಿ ಕಾಯಿಸಿ ಮೆದು ಮಾಡಿದ್ದು. ಅದರ ತಾಳಿಕೆ ವಾದ್ಯದ ಗಟ್ಟಿ ಉಕ್ಕಿನ ಕಾಲುಭಾಗಕ್ಕೂ ಕಡಿಮೆ. ಹಾಗಾಗಿ ಗಟ್ಟಿ ತಂತಿ ಕಡಿಯುವ ಶ್ರುತಿಗೆ ಒಂದು ಸಪ್ತಕ ಕೆಳಗಿರುವಾಗಲೇ ಅದು ಕೈ ಕೊಡುತ್ತದೆ. ಪುಕ್ಕಟೆ ಸಿಕ್ಕಿತೆಂದು ಅದನ್ನು ಹಾಕಿದವನು ಶ್ರುತಿಯ ಆಸೆ ಬಿಡತಕ್ಕದ್ದು.

ಹಾಗಾದರೆ ಮೇಲಿನ ಶ್ರುತಿ ಬೇಕಾದವನು ಏನು ಮಾಡಬೇಕು? ಕೋಲು ಗಿಡ್ಡ ಮಾಡಬೇಕು. ಅದೇ ಬಿಗಿಯಲ್ಲಿ ಉದ್ದ ಅರ್ಧವಾದರೆ ಶ್ರುತಿ ಒಂದು ಸಪ್ತಕ ಮೇಲೇರುತ್ತದೆ, ತಂತಿಗೆ ಕಾಸಿನಷ್ಟೂ ಹೆಚ್ಚಿನ ಕಷ್ಟವಿಲ್ಲ. ಎತ್ತರಕ್ಕೆ ಏರಬೇಕೆನ್ನುವವನು ಮೊದಲು ಗಿಡ್ಡಾಗಬೇಕು. ಬಸವಣ್ಣನ ವಾದ್ಯದಲ್ಲಿ ತಂತಿ ಯಾಕೆ ಕಡಿಯಲಿಲ್ಲ ಎಂಬುದಕ್ಕೆ ಉತ್ತರವೂ ಇದೇ. ಅಲ್ಲಿ ಎದುರು ಮೇಳವೇ ಇರಲಿಲ್ಲ.

ಫಲಶ್ರುತಿ

ಇದನ್ನು ಓದಿದವನ ತಂತಿ ಕಡಿಯುವುದಿಲ್ಲ ಎಂದು ಬರೆಯುವುದು ಪದ್ಧತಿ. ಅದು ಸುಳ್ಳು, ಎಲ್ಲ ತಂತಿಯೂ ಒಂದು ದಿನ ಕಡಿಯುತ್ತದೆ. ಆದ್ದರಿಂದ ಓದುಗರಲ್ಲಿ ವಿನಂತಿ ಇಷ್ಟೇ: ಹಾಡುವವನ ಗಂಟಲು ಕೇಳಿ ಕೋಲಿನ ಉದ್ದ ಗೊತ್ತು ಮಾಡಿಕೊಳ್ಳಿ. ಹೊಸ ತಂತಿಯನ್ನು ಕೆಳಗಿನ ಶ್ರುತಿಯಿಂದ ಮೀಟುತ್ತ, ಚೂರುಚೂರೇ ಏರಿಸಿ. ತಿರುವುವಾಗ ಮುಖ ಹತ್ತಿರ ಒಯ್ಯಬೇಡಿ, ಕಡಿದ ತಂತಿ ಕಣ್ಣಿಗೇ ಬಡಿಯುತ್ತದೆ. ಮೇಳಕ್ಕೆ ಹೊರಡುವಾಗ ಇನ್ನೊಂದು ತಂತಿಯನ್ನು ಸುರುಳಿ ಸುತ್ತಿ ಪಟಕದಲ್ಲಿ ಇಟ್ಟುಕೊಳ್ಳಿ. ಈ ಮೀಮಾಂಸೆಯಲ್ಲಿ ಬೇರೇನನ್ನು ಮರೆತರೂ ನಡೆಯುತ್ತದೆ, ಆ ಸುರುಳಿಯನ್ನು ಮರೆಯಬೇಡಿ.