ಧುಪದಾಳ ಪ್ರತಿಯ ಪಾಠಾಂತರಗಳು: ಲಿನಕ್ಸ್ ನೆಟ್‌ವರ್ಕ್ ಡ್ರೈವರ್ ಕುರಿತು ಒಂದು ಗ್ರಂಥಸಂಪಾದನಾ ವಿಚಾರ

ಘಟಪ್ರಭಾ ನದಿಗೆ ಧುಪದಾಳದಲ್ಲಿ ಬ್ರಿಟಿಷರು ಕಟ್ಟಿದ ಒಡ್ಡು 1897ರದು. ಇವತ್ತಿಗೂ ಅಲ್ಲಿಂದ ಎಡದಂಡೆ ಕಾಲುವೆಗೆ ನೀರು ಹೋಗುತ್ತದೆ. ಒಮ್ಮೆ ಸರಿಯಾಗಿ ಕಟ್ಟಿದ್ದು ಹಾಗೇ ನಿಲ್ಲಬೇಕು ಎಂಬ ನಂಬಿಕೆ ಈ ಸೀಮೆಯಲ್ಲಿ ಬೇರೂರಿದ್ದು ಇದರಿಂದಲೇ ಎಂದು ವಿದ್ವಾಂಸರ ಮತ. ಪ್ರಸ್ತುತ ಪ್ರಬಂಧದ ವಸ್ತುವಾದ 'ಧುಪದಾಳ ಪ್ರತಿ'ಯ ಕರ್ತೃವಿಗೂ ಈ ನಂಬಿಕೆ ಇದ್ದಿರಬೇಕು. ಪ್ರತಿ ಇನ್ನೂ ಸಿಕ್ಕಿಲ್ಲ; ಆದರೆ ಸಿಗಬೇಕಾದದ್ದು ಎಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ. ಸಂಶೋಧನೆಗೆ ಅಷ್ಟು ಸಾಕು.

ಮೂಲಪಾಠ ಒಂದೇ ಸಾಲು: 'ಆಪ್ಶನ್ಸ್ ಇ1000 ಸ್ಪೀಡ್=100 ಡೂಪ್ಲೆಕ್ಸ್=2'. ಭಾಷ್ಯ: ಎಲೈ ಇಂಟೆಲ್ ಕಾರ್ಡಿನ ಡ್ರೈವರೇ, ನೂರು ಮೆಗಾಬಿಟ್ ವೇಗದಲ್ಲಿ ಓಡು, ಎರಡೂ ದಿಕ್ಕಿಗೆ ಏಕಕಾಲದಲ್ಲಿ ಓಡು.

ಕಾಲನಿರ್ಣಯ ಈ ಸಾಲು ಇರುವ ಕಡತದ ಹೆಸರಿನಿಂದಲೇ ಆಗುತ್ತದೆ. 'ಮಾಡ್ಯೂಲ್ಸ್.ಕಾನ್ಫ್' ಆದರೆ 2001ರಲ್ಲಿ ಬಂದ 2.4 ಕರ್ನಲ್‌ನ ಹಳಗನ್ನಡ. 'ಮಾಡ್‌ಪ್ರೋಬ್.ಕಾನ್ಫ್' ಆದರೆ 2003ರ ಡಿಸೆಂಬರಿನ 2.6ರಿಂದ ಶುರುವಾದ ನಡುಗನ್ನಡ. 'ಮಾಡ್‌ಪ್ರೋಬ್.ಡಿ' ಫೋಲ್ಡರಿನೊಳಗಿದ್ದರೆ ಹೊಸಗನ್ನಡ. ಆದರೆ ಬಾಲಕ್ಕೆ '.ಕಾನ್ಫ್' ಇಲ್ಲದ ಕಡತವನ್ನು, ಡ್ರೈವರುಗಳನ್ನು ಒಳಗೆ ಕರೆತರುವ ಈಗಿನ ಮಾಡ್‌ಪ್ರೋಬ್ ಕಣ್ಣೆತ್ತಿಯೂ ನೋಡುವುದಿಲ್ಲ. ಬರೆದಾತ ಮಾತ್ರ ತನ್ನ ಕೃತಿ ಜಾರಿಯಲ್ಲಿದೆ ಎಂದೇ ತಿಳಿದಿರುತ್ತಾನೆ; ಸಾಹಿತ್ಯದಲ್ಲೂ ಇದು ಹೊಸದಲ್ಲ.

ಆವೃತ್ತಿ ಸಂಖ್ಯೆ ನೋಡಿ ಯುಗ ವಿಂಗಡಿಸುವವರು ಎಚ್ಚರವಾಗಿರಬೇಕು. 2011ರ ಜುಲೈನಲ್ಲಿ 2.6.39 ಆದ ಮೇಲೆ 3.0 ಬಂತು, ಕ್ರಾಂತಿಯೇನೂ ಆಗಿರಲಿಲ್ಲ, ಲಿನಕ್ಸ್‌ಗೆ ಇಪ್ಪತ್ತು ತುಂಬುತ್ತಿತ್ತು ಅಷ್ಟೆ. 2019ರಲ್ಲಿ 4.21 ಆಗಬೇಕಾದದ್ದು 5.0 ಆಯಿತು. ಎಣಿಸಲು ಕೈಕಾಲಿನ ಬೆರಳು ಸಾಲದಾದವು ಎಂಬುದು ಲಿನಸ್ ಟೋರ್ವಾಲ್ಡ್ಸ್ ಕೊಟ್ಟ ಕಾರಣ.

ಈಗ ಪೂರ್ವಪಕ್ಷ. "ನಿನ್ನೀ ತನಕಾ ಚಲೋ ನಡದಿತ್ತರಿ ಸರ, ಅಪ್‌ಡೇಟ್ ಹಾಕಿದ್ವಿ, ನೆಟ್ ನಿಂತs ಹೋತು!"

ಸಿದ್ಧಾಂತ: ನಿಲ್ಲಲೇಬೇಕಿತ್ತು. 2008ರ ಸುಮಾರಿಗೆ ಇಂಟೆಲ್‌ನ ಪಿಸಿಐ ಎಕ್ಸ್‌ಪ್ರೆಸ್ ಕಾರ್ಡುಗಳು 'ಇ1000' ಬಿಟ್ಟು 'ಇ1000ಇ' ಎಂಬ ಬೇರೆ ಡ್ರೈವರಿನ ಪಾಲಾದವು. ಅದಕ್ಕೆ ಸ್ಪೀಡ್, ಡೂಪ್ಲೆಕ್ಸ್ ಎಂಬ ಮಾಡ್ಯೂಲ್ ಆಯ್ಕೆಗಳೇ ಇಲ್ಲ. ಬೇಕಿದ್ದರೆ ಕಾರ್ಡಿನ ವೇಗ ಹೊಂದಿಸುವ 'ಈಥ್‌ಟೂಲ್' ಮುಂದೆ ಅರ್ಜಿ ಹಾಕಬೇಕು. ಕಾರ್ಡಿಗೆ ತಕ್ಕಂತೆ ಬರೀ ಡ್ರೈವರಿನ ಹೆಸರು ತಿದ್ದಿ ಹಳೆ ಆಯ್ಕೆಗಳನ್ನು ಹಾಗೇ ಬಿಟ್ಟರೆ, 3.11ಕ್ಕಿಂತ ಹಿಂದಿನ ಕರ್ನಲ್ 'ಈ ಆಯ್ಕೆ ನನಗೆ ಗೊತ್ತಿಲ್ಲ' ಎಂದು ಇಡೀ ಡ್ರೈವರನ್ನೇ ಹೊರಗೆ ನಿಲ್ಲಿಸುತ್ತಿತ್ತು. 2013ರಲ್ಲಿ 3.11 ಬಂದ ಮೇಲೆ ಸ್ವಭಾವ ಮೆತ್ತಗಾಯಿತು. ಡ್ರೈವರ್ ಒಳಗೆ ಬರುತ್ತದೆ, ಆಯ್ಕೆಯನ್ನು ಮಾತ್ರ ಬದಿಗಿಟ್ಟು ಕರ್ನಲ್‌ನ ದಿನಚರಿಯಾದ 'ಡಿಮೆಸ್ಗ್'ನಲ್ಲಿ ಒಂದು ಗೊಣಗಾಟ ಉಳಿಯುತ್ತದೆ. ನಿಷ್ಠುರ ಕರ್ನಲ್ಲೇ ವಾಸಿ ಎಂಬುದು ಸಂಪಾದಕರ ಖಾಸಗಿ ಅಭಿಪ್ರಾಯ. ಅದು ಬೈದಾಗಲಾದರೂ ಗೊತ್ತಾಗುತ್ತಿತ್ತು.

ನಾಮಾಂತರ ಪ್ರಕರಣವೂ ಉಂಟು. 'ಈಥ್0' ಎಂದು ಸಲಿಗೆಯಿಂದ ಕರೆಸಿಕೊಳ್ಳುತ್ತಿದ್ದ ಕಾರ್ಡು 2013ರ ಸಿಸ್ಟಮ್‌ಡಿ 197ರಿಂದ 'ಇಎನ್‌ಪಿ3ಎಸ್0' ಆಗತೊಡಗಿತು: ಮೂರನೇ ಬಸ್, ಸೊನ್ನೆ ಸ್ಲಾಟ್. ಊರು, ಓಣಿ ಹೆಸರಿನಲ್ಲೇ ಸಿಗುತ್ತದೆ. ಗೋಕಾಕ, ಹುಕ್ಕೇರಿ, ಮೂಡಲಗಿ ಎಂದು ಊರನ್ನೇ ಅಡ್ಡಹೆಸರು ಮಾಡಿಕೊಳ್ಳುವ ಬೆಳಗಾವಿ ಪದ್ಧತಿಯ ಪ್ರಭಾವ ಇಲ್ಲಿ ನಿಚ್ಚಳ. ಪುರಾವೆ ಮಾತ್ರ ಬಾಕಿ.

ಪ್ರಕ್ಷಿಪ್ತ ಭಾಗ ಅಪಾಯಕಾರಿ. 2008ರಲ್ಲಿ 2.6.27ರ ಪರೀಕ್ಷಾ ಆವೃತ್ತಿ ಹಾಕಿದ ಕೆಲವು ಯಂತ್ರಗಳಲ್ಲಿ ಕಾರ್ಡಿನ ಸ್ವಂತ ಸ್ಮೃತಿಯೇ ಅಳಿಸಿಹೋಗಿ ಕಾರ್ಡು ಸತ್ತಿತು. ಎಲ್ಲರೂ ಬೈದದ್ದು ಇ1000ಇ ಡ್ರೈವರನ್ನು. ಕೊನೆಗೆ ಸಿಕ್ಕಿಬಿದ್ದದ್ದು 'ಎಫ್‌ಟ್ರೇಸ್': ಕರ್ನಲ್‌ನ ಹೆಜ್ಜೆಗುರುತು ಹಿಡಿಯಲೆಂದು ಇಟ್ಟ ಬೇಹುಗಾರ.

ಕೊನೆಯದಾಗಿ ಸಂಖ್ಯಾಶಾಸ್ತ್ರ. ಆವೃತ್ತಿ ಹೋಲಿಸುವ ಲೆಕ್ಕದಲ್ಲಿ ಮೂರನೇ ಅಂಕಿಗೆ ಒಂದೇ ಬೈಟ್ ಜಾಗ, 255ರವರೆಗೆ ಮಾತ್ರ. 2021ರ ಫೆಬ್ರವರಿಯಲ್ಲಿ 4.4.256 ಹೊರಬಂತು, ಹಳೆ ಸೂತ್ರದ ಪ್ರಕಾರ ಅದು 4.5.0. ಅದಕ್ಕೇ ಹೊರಗೆ ಅಂಕಿ ಬೆಳೆದರೂ ಒಳಗಿನ ಲೆಕ್ಕವನ್ನು 255ಕ್ಕೇ ಕಟ್ಟಿಹಾಕಿದರು. ಧುಪದಾಳ ಪ್ರತಿ 255ನೆಯದೋ ಅದರ ಮುಂದಿನದೋ ಎಂಬ ವಿಷಯದಲ್ಲಿ ಈಗ ಎರಡು ಪಂಥಗಳಿವೆ. ಘಟಪ್ರಭಾ ಸ್ಟೇಷನ್ನಿನಲ್ಲಿ ಎದುರಾದರೂ ಒಬ್ಬರಿಗೊಬ್ಬರು ಚಹಾ ಕುಡಿಸುವುದಿಲ್ಲ.